ಮದ್ದು ಕೊಡುವ ಕೈ

ಕನ್ನಡದಲ್ಲಿ 'ಮದ್ದು' ಎಂಬ ಶಬ್ದಕ್ಕೆ ಮೂರು ಅರ್ಥಗಳುಂಟು. ರೋಗವನ್ನು ಕಳೆಯುವುದು ಮದ್ದು. ಕೋವಿಗೆ ತುಂಬುವುದು ಮದ್ದು. ಆಗದವರು ಅನ್ನದಲ್ಲಿ ಕಲಸಿ ಹಾಕುವರೆಂದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಜನರು ಅಂಜುವುದೂ ಮದ್ದೇ. ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರನ್ನಿಟ್ಟ ಹಿರಿಯರು ಅಜಾಗರೂಕರಾಗಿದ್ದರೆಂದು ತಿಳಿಯುವುದಕ್ಕಿಂತ ಬಹಳ ಜಾಗರೂಕರಾಗಿದ್ದರೆಂದು ತಿಳಿಯುವುದು ಲೇಸು. ಇನ್ನೊಂದು ಮಾತು. ಕೂಡ್ಲಿಗಿ, ಕೊಟ್ಟೂರುಗಳ ಕಡೆ ನಾವು 'ಗುಳಿಗೆ' ಎನ್ನುವುದನ್ನು ಪುಸ್ತಕದ ಕನ್ನಡದವರು 'ಮಾತ್ರೆ' ಎನ್ನುವರು. ಗುಳಿಗೆಯೆಂಬುದು ಆಕಾರದ ಹೆಸರು, ಗುಂಡಗಿರುವುದರಿಂದ ಬಂದದ್ದು. ಮಾತ್ರೆಯೆಂಬುದು ಅಳತೆಯ ಹೆಸರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಮೂವತ್ತು ವರುಷ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಒಂದು ಮಾತ್ರೆ ಹೆಚ್ಚಾದರೆ ಷಟ್ಪದಿ ಕುಂಟುವುದೆಂದು ಬೆತ್ತ ಹಿಡಿದು ಹೇಳಿದವನು. ಅದೇ ಶಬ್ದ ಔಷಧದ ಅಂಗಡಿಯಲ್ಲಿ ಕೈಗೆ ಬಂದಾಗ ಅದು ಅಳತೆಯ ಹೆಸರೆಂಬುದು ನನಗೆ ನೆನಪಾಗಲಿಲ್ಲ.

ಈ ಲೇಖನದಲ್ಲಿ ವಿಚಾರಮಾಡಬೇಕೆಂದಿರುವ ಪ್ರಶ್ನೆ ಇದು. ಮದ್ದನ್ನು ಬರೆದುಕೊಡುವವನು ಒಬ್ಬನು, ಎಣಿಸಿಕೊಡುವವನು ಒಬ್ಬನು, ಮನೆಗೆ ಒಯ್ಯುವವನು ಒಬ್ಬನು, ನುಂಗುವವನು ಇನ್ನೊಬ್ಬನು. ಕೆಟ್ಟುದಾದರೆ ಹೊಣೆ ಯಾರದು? ಎಲ್ಲರದೂ ಎಂಬುದು ಸುಲಭವಾದ ಉತ್ತರ. ಆದರೆ ಎಲ್ಲರದೂ ಆದುದು ಯಾರದೂ ಅಲ್ಲದ್ದಾಗುವುದನ್ನು ಊರ ಕೆರೆಯ ವಿಷಯದಲ್ಲಿ ನಾವೆಲ್ಲರೂ ಕಂಡಿದ್ದೇವೆ. ಪಂಡಿತರ ತರ್ಕಕ್ಕೆಂದು ನಾನು ಇದನ್ನು ಎತ್ತಲಿಲ್ಲ. ನಮ್ಮ ಮನೆಯಲ್ಲಿ ನಡೆದುದರಿಂದ ಎದ್ದ ಪ್ರಶ್ನೆ ಇದು.

ನನ್ನ ಅಣ್ಣನವರು ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದವರು. ಮಳೆಯನ್ನು ನಂಬಿದ ಹೊಲ, ಶೇಂಗಾ, ಜೋಳ. ಅರುವತ್ತೆಂಟನೆಯ ವಯಸ್ಸಿನಲ್ಲಿ ಅವರಿಗೆ ಮೊಣಕಾಲು ಹಿಡಿದುಕೊಂಡಿತು. ವೈದ್ಯರೊಬ್ಬರು ನೋಡಿ, ಐದು ದಿನಕ್ಕೆಂದು ನೋವಿನ ಗುಳಿಗೆ ಬರೆದುಕೊಟ್ಟರು. ಐದು ದಿನ. ಚೀಟಿಯಲ್ಲಿ ಹಾಗೆಯೇ ಇತ್ತು, ಈಗಲೂ ಇದೆ. ಗುಳಿಗೆ ನುಂಗಿದ ಮರುದಿನವೇ ಅಣ್ಣನವರು ಎತ್ತು ಹೂಡಿದರು. ಆರನೆಯ ದಿನ ನೋವು ಮರಳಿತು. ಪೇಟೆಗೆ ಹೋಗಿಬರುವವನು ನಾನಾದುದರಿಂದ ಅದೇ ಚೀಟಿಯನ್ನು ಅಂಗಡಿಯಲ್ಲಿ ತೋರಿಸಿ ಮತ್ತೆ ಹತ್ತು ಗುಳಿಗೆ ತಂದೆನು. ಅಂಗಡಿಯವರು ತಾರೀಖನ್ನು ನೋಡಲಿಲ್ಲ. ನಾನು ತೋರಿಸಲೂ ಇಲ್ಲ. ಕೆಲವು ತಿಂಗಳಾದ ಮೇಲೆ ಚೀಟಿಯೂ ಬೇಕಾಗಲಿಲ್ಲ, ಮುಖದ ಗುರುತೇ ಸಾಕಾಯಿತು. ಹೀಗೆ ನಾಲ್ಕು ವರುಷ. ನಡುವೆ ಸಕ್ಕರೆ ಕಾಯಿಲೆಯೂ ಸೇರಿಕೊಂಡಿತು. ಬೇರೆ ವೈದ್ಯರು ರಕ್ತದೊತ್ತಡಕ್ಕೆಂದು ಒಂದು ಗುಳಿಗೆಯನ್ನೂ, ಕಾಲಿನ ಬಾವು ಇಳಿಯಲೆಂದು ಮೂತ್ರ ಹೆಚ್ಚಿಸುವ ಮತ್ತೊಂದನ್ನೂ ಕೊಟ್ಟರು. 'ಬೇರೇನಾದರೂ ತೆಗೆದುಕೊಳ್ಳುತ್ತೀರಾ?' ಎಂದು ಅವರು ಕೇಳಿದ್ದುಂಟು. 'ಏನೂ ಇಲ್ಲರೀ' ಎಂದರು ಅಣ್ಣನವರು. ಅವರು ಸುಳ್ಳಾಡುವವರಲ್ಲ. ಅವರ ಲೆಕ್ಕದಲ್ಲಿ ನೋವಿನ ಗುಳಿಗೆ ಔಷಧವೇ ಅಲ್ಲ, ಎಲೆಅಡಿಕೆಯ ಹಾಗೆ ಒಂದು ಅಭ್ಯಾಸ. ನಾನು ಪಕ್ಕದಲ್ಲಿಯೇ ಕೂತಿದ್ದೆನು. ಹೇಳಬೇಕೆಂದು ನನಗೂ ತೋರಲಿಲ್ಲ.

ಈ ಮೂರು ಒಟ್ಟಾದರೆ ಏನಾಗುವುದೆಂಬುದನ್ನು ಆಮೇಲೆ ತಿಳಿದವರೊಬ್ಬರು ಕೆರೆಯ ದೃಷ್ಟಾಂತದಿಂದ ವಿವರಿಸಿದರು. ನೋವಿನ ಗುಳಿಗೆ ಮೂತ್ರಪಿಂಡಕ್ಕೆ ರಕ್ತ ಬರುವ ಕಾಲುವೆಯನ್ನು ಕಿರಿದುಮಾಡುವುದು. ರಕ್ತದೊತ್ತಡದ ಕೆಲವು ಗುಳಿಗೆಗಳು ರಕ್ತ ಹೊರಹೋಗುವ ತೂಬನ್ನು ಅಗಲಮಾಡುವುವು. ಮೂತ್ರ ಹೆಚ್ಚಿಸುವ ಗುಳಿಗೆ ಕೆರೆಯ ನೀರನ್ನೇ ಇಳಿಸುವುದು. ಒಂದೊಂದೂ ತನ್ನ ಸ್ಥಳದಲ್ಲಿ ಗುಣವೇ. ಮೂರೂ ಕೂಡಿದಾಗ ಸೋಸುವುದಕ್ಕೆ ಬೇಕಾದ ಒತ್ತಡವೇ ಉಳಿಯುವುದಿಲ್ಲ. ಬರೆದವರಲ್ಲಿ ಒಬ್ಬರಿಗೂ ಮೂರೂ ತಿಳಿದಿರಲಿಲ್ಲ. ಮೂರನ್ನೂ ತಿಳಿದಿದ್ದವನು ಚೀಲ ಹಿಡಿದು ಹೋಗುತ್ತಿದ್ದ ನಾನೊಬ್ಬನೇ, ಆದರೆ ನನಗೆ ತಿಳುವಳಿಕೆಯಿರಲಿಲ್ಲ.

ಮೂತ್ರಪಿಂಡವನ್ನು ನಮ್ಮ ಆಯುರ್ವೇದದ ಆಚಾರ್ಯರು ವೃಕ್ಕವೆಂದು ಕರೆದರು. ಚರಕನು ಅದನ್ನು ಮೇದಸ್ಸಿನ ಮಾರ್ಗಗಳಿಗೆ ಮೂಲವೆಂದು ಹೇಳಿದನೇ ಹೊರತು ಮೂತ್ರಕ್ಕೂ ಅದಕ್ಕೂ ಸಂಬಂಧವನ್ನು ಕಲ್ಪಿಸಲಿಲ್ಲ. ಪ್ರಾಚೀನರಲ್ಲಿ ನನಗೆ ಎಷ್ಟೇ ಭಕ್ತಿಯಿದ್ದರೂ ಈ ವಿಷಯದಲ್ಲಿ ಈಚಿನವರೇ ಪ್ರಮಾಣ. ಒಂದೊಂದು ಪಿಂಡದಲ್ಲಿಯೂ ಸುಮಾರು ೧೦ ಲಕ್ಷ ಸೂಕ್ಷ್ಮ ಜರಡಿಗಳಿವೆ. ಹಗಲಿರುಳು ಸೇರಿ ೧೮೦ ಲೀಟರಿನಷ್ಟು ದ್ರವವನ್ನು ಅವು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಒಪ್ಪಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಹಾಕುವುವು. ನಾವು ನುಂಗುವ ಅನೇಕ ಔಷಧಗಳು ತಮ್ಮ ಕೆಲಸ ಮುಗಿಸಿ ಹೊರಡುವ ಬಾಗಿಲೂ ಇದೇ. ಬಾಗಿಲು ಮುಚ್ಚಿದ ಮನೆಗೆ ದಿನವೂ ನೆಂಟರು ಬರುತ್ತಿದ್ದು ಒಬ್ಬರೂ ಹೊರಡದಿದ್ದರೆ ಹೇಗೋ, ಮೂತ್ರಪಿಂಡ ಕೆಟ್ಟವನ ದೇಹದಲ್ಲಿ ಔಷಧ ಹಾಗೆ.

ಅಣ್ಣನವರ ಬಾಗಿಲು ಮುಚ್ಚಿತು. ಮುಖ ಊದಿತು, ಅನ್ನ ಸೇರದಾಯಿತು, ರಾತ್ರಿ ಉಸಿರು ಕಟ್ಟಿತು. ರಕ್ತ ಪರೀಕ್ಷೆ ಮಾಡಿದವರು ಡಯಾಲಿಸಿಸ್ ಹೊರತು ಗತಿಯಿಲ್ಲವೆಂದರು. ಸಕ್ಕರೆ ಕಾಯಿಲೆಯ ಪಾಲೆಷ್ಟು, ಗುಳಿಗೆಯ ಪಾಲೆಷ್ಟು ಎಂದು ನಾನು ಕೇಳಿದೆನು. ಹಾಗೆ ಪಾಲು ಮಾಡಲು ಬರುವುದಿಲ್ಲವೆಂದರು. ಈ ಉತ್ತರದಿಂದ ನನಗೆ ಸಮಾಧಾನವಾಗಬೇಕಾಗಿತ್ತೋ ಏನೋ, ಆಗಲಿಲ್ಲ.

ಈ ಯಂತ್ರದ ಪೂರ್ವಕಥೆಯನ್ನು ಸ್ವಲ್ಪ ಹೇಳುವುದು ಅಪ್ರಸ್ತುತವಾಗಲಾರದು. ೧೯೪೩ರಲ್ಲಿ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ, ಜರ್ಮನರ ಸೈನ್ಯ ದೇಶವನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ, ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯನು ಮರದ ಪಟ್ಟಿಗಳ ಉರುಳೆಗೆ ಸೆಲೊಫೇನಿನ ಕೊಳವೆ ಸುತ್ತಿ, ರೋಗಿಯ ರಕ್ತವನ್ನು ಅದರಲ್ಲಿ ಹರಿಸಿ ತೊಳೆದನು. ಮೊದಮೊದಲು ಅವನ ಕೈಗೆ ಬಂದ ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ತೀರಿಹೋದರು. ೧೯೪೫ರಲ್ಲಿ ಅರುವತ್ತೇಳು ವರುಷದ ಹೆಂಗಸೊಬ್ಬಳು ಎಚ್ಚರತಪ್ಪಿದ್ದವಳು ಎಚ್ಚೆತ್ತಳು. ೧೯೬೦ರಲ್ಲಿ ಅಮೆರಿಕದ ಸಿಯಾಟಲಿನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯನು ಕೈಯ ರಕ್ತನಾಳಕ್ಕೆ ಕೊಳವೆಯನ್ನು ನಿಲ್ಲಿಸಿ, ಅದೇ ರೋಗಿಗೆ ಮತ್ತೆ ಮತ್ತೆ ರಕ್ತ ತೊಳೆಯುವ ಉಪಾಯವನ್ನು ಕಂಡುಹಿಡಿದನು. ಆಗ ಯಂತ್ರಗಳು ಕೆಲವೇ, ಸಾಯುವವರು ಬಹಳ. ಯಾರಿಗೆ ಯಂತ್ರ, ಯಾರಿಗೆ ಇಲ್ಲ ಎಂದು ತೀರ್ಮಾನಿಸಲು ಅಲ್ಲಿಯ ಏಳು ಮಂದಿ ಪೌರರ ಸಮಿತಿಯೊಂದನ್ನು ಮಾಡಿದರು. ಸದಸ್ಯರ ಹೆಸರು ರಹಸ್ಯವಾಗಿತ್ತು. ೧೯೬೨ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆ ತಂದಾಗ ಆ ದೇಶವೆಲ್ಲ ನಡುಗಿತು. ಪ್ರಾಣದ ತಕ್ಕಡಿಯನ್ನು ಹಿಡಿಯಲು ಆ ಏಳು ಮಂದಿ ಯಾರು ಎಂದು ಕೇಳಿದರು.

ನಮ್ಮಲ್ಲಿ ಈಗ ಆ ಪ್ರಶ್ನೆ ಅಷ್ಟು ಉಗ್ರವಾಗಿಲ್ಲ. ೨೦೧೬ರಲ್ಲಿ ಕೇಂದ್ರ ಸರಕಾರವು ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಡಯಾಲಿಸಿಸ್ ದೊರೆಯುವ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳವರೆಗೂ ಯಂತ್ರ ಬಂದಿದೆ. ಪ್ರಾಣದ ತಕ್ಕಡಿ ಮಾತ್ರ ಮಾಯವಾಗಿಲ್ಲ. ಸಮಿತಿಯ ಮೇಜಿನಿಂದ ಇಳಿದು ಗುಳಿಗೆ ಎಣಿಸುವ ಕಿಟಕಿಗೆ ಬಂದಿದೆ ಎಂದು ನನಗೆ ತೋರುತ್ತದೆ. ಯಾಕೆಂದರೆ ಲೆಕ್ಕ ನೋಡಿರಿ: ವಾರಕ್ಕೆ ೧೬೮ ಗಂಟೆ. ಸ್ವಸ್ಥನ ಮೂತ್ರಪಿಂಡ ಅಷ್ಟು ಗಂಟೆಯೂ ದುಡಿಯುವುದು. ಯಂತ್ರ ದುಡಿಯುವುದು ಒಂದು ಸರದಿಗೆ ನಾಲ್ಕು ಗಂಟೆಯಂತೆ, ವಾರಕ್ಕೆ ಮೂರು ಸರದಿ ಸಿಕ್ಕಿದರೆ, ೧೨ ಗಂಟೆ. ಉಳಿದ ೧೫೬ ಗಂಟೆ ರೋಗಿಯು ತನ್ನ ಅನ್ನ, ನೀರು, ಗುಳಿಗೆಗಳ ಲೆಕ್ಕದಲ್ಲಿ ಬದುಕಬೇಕು.

ನೀರಿನ ಲೆಕ್ಕ ಎಲ್ಲಕ್ಕಿಂತ ಕ್ರೂರವಾದದ್ದು. ಬೇಸಗೆಯಲ್ಲಿ ದಾರಿಗರಿಗೆ ಅರವಟ್ಟಿಗೆ ಇಡುವ ಸೀಮೆ ನಮ್ಮದು. ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಅಂಥ ಮನೆಯಲ್ಲಿ ಅತ್ತಿಗೆಯವರು ತಮ್ಮ ಗಂಡನಿಗೆ ದಿನಕ್ಕೆ ಒಂದು ಲೀಟರಿಗಿಂತ ಕಡಿಮೆ ನೀರನ್ನು ಲೋಟದಲ್ಲಿ ಅಳೆದು ಕೊಡಬೇಕಾಯಿತು. ಮಜ್ಜಿಗೆಯೂ ಆ ಲೆಕ್ಕಕ್ಕೇ, ಸಾರೂ ಆ ಲೆಕ್ಕಕ್ಕೇ. ಎಳನೀರು ಕೂಡದು, ಅದರ ಪೊಟ್ಯಾಸಿಯಮ್ ಹೃದಯವನ್ನೇ ನಿಲ್ಲಿಸಬಲ್ಲದು. ಅಣ್ಣನವರು ಒಮ್ಮೆ ನಗುತ್ತ ಹೇಳಿದರು: 'ಆ ಯಂತ್ರ ಒಂದೊಂದು ಸಲಕ್ಕೂ ನೂರಿಪ್ಪತ್ತು ಲೀಟರು ಶುದ್ಧ ನೀರು ಕುಡಿಯುತ್ತದಂತೆ ತಮ್ಮಾ. ಅದಕ್ಕೆ ಯಾರೂ ಲೋಟ ಹಿಡಿಯುವುದಿಲ್ಲ.' ಮಾತು ನಿಜವೇ. ಕೊಳವೆಬಾವಿಯಲ್ಲಿ ಫ್ಲೋರೈಡಿನ ಕಾಟವನ್ನು ಬಲ್ಲ ನಮ್ಮಂಥವರ ಸೀಮೆಯಲ್ಲಿ ಆ ನೀರನ್ನು ಅಷ್ಟು ಶುದ್ಧಿಮಾಡುವುದೇ ಒಂದು ತಪಸ್ಸು.

ಪ್ರಕೃತಕ್ಕೆ ಬರೋಣ. ತಿಂಗಳಿಗೊಮ್ಮೆ ತಜ್ಞರಿಗೆ ತೋರಿಸಲು ನಾವು ದೊಡ್ಡ ಊರಿನ ಒಂದು ಆಸ್ಪತ್ರೆಗೆ ಹೋಗುತ್ತಿದ್ದೆವು. ಅಲ್ಲಿಯ ಪಡಸಾಲೆಯಲ್ಲಿ ನಮ್ಮ ಸೀಮೆಯೇ ಕೂತಿರುತ್ತಿತ್ತು: ಹಡಗಲಿಯ ಕಡೆ ಮಲ್ಲಿಗೆ ಬೆಳೆಯುವವರು, ಹರಪನಹಳ್ಳಿಯ ಮಂಡಕ್ಕಿ ಭಟ್ಟಿಯವರೊಬ್ಬರು, ಹಗರಿಬೊಮ್ಮನಹಳ್ಳಿಯಿಂದ ಬರುವ ತಾಯಿ ಮಗ. ಅಣ್ಣನವರಿಗೆ ಅಂಗಾಲಿನ ಉರಿ ಬಹಳವಾಗಿತ್ತು. ನರಗಳ ವೈದ್ಯರು ಗ್ಯಾಬಾಪೆಂಟಿನ್ ಎಂಬ ಗುಳಿಗೆಯನ್ನು ದಿನಕ್ಕೆ ಮೂರು ಹೊತ್ತು ಬರೆದರು, ಕಿಟಕಿಯಲ್ಲಿದ್ದವರು ಕೊಟ್ಟರು. ಮೂರನೆಯ ವಾರಕ್ಕೆ ಅಣ್ಣನವರು ಹಗಲೆಲ್ಲ ತೂಕಡಿಸುವುದೂ, ನಡೆದರೆ ತೂರಾಡುವುದೂ, ತೀರಿಹೋದ ನಮ್ಮ ತಾಯಿಯೊಡನೆ ಮಾತನಾಡುವುದೂ ಆಯಿತು. ಮನೆಯವರು ಆಯುಸ್ಸು ಮುಗಿಯಿತೆಂದುಕೊಂಡರು. ಬೀಗರೊಬ್ಬರು ಗಾಳಿಯ ಸೋಂಕು ಎಂದರು.

ಮುಂದಿನ ತಿಂಗಳು ಕಿಟಕಿಯಲ್ಲಿ ಬೇರೊಬ್ಬರಿದ್ದರು, ಮೂವತ್ತೈದರ ಆಸುಪಾಸಿನ ಫಾರ್ಮಸಿಸ್ಟು. ಚೀಟಿ ನೋಡಿದರು, ಅಣ್ಣನವರ ಕೈಯಲ್ಲಿ ಡಯಾಲಿಸಿಸ್‌ನ ಪಟ್ಟಿ ಕಟ್ಟಿದ್ದನ್ನು ನೋಡಿದರು. 'ಗುರುಗಳೇ, ಇವರು ಮನೆಯಲ್ಲಿ ತೆಗೆದುಕೊಳ್ಳುವುದೆಲ್ಲ ತಂದಿದ್ದೀರಾ? ಚೀಲ ಇಲ್ಲಿ ಸುರುವಿರಿ' ಎಂದರು. ಸುರುವಿದೆವು. ಹದಿನಾಲ್ಕು ಬಗೆ. ತಳದಲ್ಲಿ, ಒಂದು ಹಳೆಯ ಪಟ್ಟಿಯಲ್ಲಿ, ನೋವಿನ ಗುಳಿಗೆ. ಅದು ಇನ್ನೂ ನಡೆದೇ ಇತ್ತು, ನನಗೂ ಗೊತ್ತಿಲ್ಲದೆ, ಮೊಮ್ಮಗನಿಂದ ತರಿಸಿಕೊಳ್ಳುತ್ತಿದ್ದರು. ಊಟದಲ್ಲಿಯ ರಂಜಕವನ್ನು ಹೊಟ್ಟೆಯಲ್ಲಿಯೇ ಹಿಡಿದಿಡುವ ಗುಳಿಗೆಯನ್ನು ಅತ್ತಿಗೆಯವರು ಬೆಳಗ್ಗೆ ಸ್ನಾನವಾದೊಡನೆ ಬರಿಹೊಟ್ಟೆಗೆ ಕೊಡುತ್ತಿದ್ದರು, ದೇವರ ತೀರ್ಥದಂತೆ. 'ಈ ಗುಳಿಗೆಗೆ ರೋಗದ ಸಂಗಡ ಕೆಲಸವಿಲ್ಲಮ್ಮ, ಅನ್ನದ ಸಂಗಡ ಕೆಲಸ. ತುತ್ತಿನ ನಡುವೆ ಕೊಡಬೇಕು' ಎಂದರು ಅವರು. ಗ್ಯಾಬಾಪೆಂಟಿನ್ ಪಟ್ಟಿಯನ್ನು ಮಾತ್ರ ಕೈಯಲ್ಲಿಯೇ ಇಟ್ಟುಕೊಂಡರು. 'ಇದು ದೇಹದಿಂದ ಹೊರಡುವುದು ಮೂತ್ರಪಿಂಡದಿಂದಲೇ, ಬೇರೆ ದಾರಿಯಿಲ್ಲ. ಡಯಾಲಿಸಿಸ್‌ನವರಿಗೆ ಬಹಳ ಸ್ವಲ್ಪ, ಅದೂ ಯಂತ್ರದಿಂದ ಇಳಿದ ಮೇಲೆ ಕೊಡುವುದು. ಡಾಕ್ಟರನ್ನು ಕೇಳದೆ ಕೊಡಲಾರೆ.'

ನನ್ನ ಅಣ್ಣನ ಮಗ ಕೆರಳಿದನು. 'ಡಾಕ್ಟರು ಬರೆದಿದ್ದಾರೆ; ಕೊಡಲಿಕ್ಕೆ ನಿಮಗೇನ್ರೀ?' ಅವನನ್ನು ದೂರುವಂತಿಲ್ಲ. ಸಂಜೆ ನಾಲ್ಕಾಗಿತ್ತು, ಕೂಡ್ಲಿಗಿಯ ಬಸ್ಸಿಗೆ ಹೊತ್ತಾಗುತ್ತಿತ್ತು. ಫಾರ್ಮಸಿಸ್ಟು ಧ್ವನಿಯೇರಿಸಲಿಲ್ಲ. 'ಬರೆದವರು ಅವರೇ. ಕೊಡುವವನು ನಾನು' ಎಂದರು. ಫೋನು ಮಾಡಿದರು, ವೈದ್ಯರು ಬೇರೊಂದು ಆಸ್ಪತ್ರೆಯಲ್ಲಿ ರೋಗಿಯ ಬಳಿ ಇದ್ದರು. ನಾವು ಬಸ್ಸು ಬಿಟ್ಟು ಪಡಸಾಲೆಯಲ್ಲಿಯೇ ಮಲಗಿದೆವು. ರಾತ್ರಿ ಒಂಬತ್ತಕ್ಕೆ ಉತ್ತರ ಬಂತು: ಡಯಾಲಿಸಿಸ್ ವಿಷಯ ತಮ್ಮ ಕಾಗದದಲ್ಲಿರಲಿಲ್ಲ, ಗುಳಿಗೆ ನಿಲ್ಲಿಸಿ, ಮುಂದೆ ಅಲ್ಪಪ್ರಮಾಣದಲ್ಲಿ ನೋಡೋಣ. ನಾಲ್ಕೈದು ದಿನಗಳಲ್ಲಿ, ಎರಡು ಡಯಾಲಿಸಿಸ್ ಆದ ಮೇಲೆ, ಅಣ್ಣನವರು ಎದ್ದು ಕೂತು ಹೊಲದ ಸುದ್ದಿ ಕೇಳಿದರು.

ಆ ರಾತ್ರಿ ನಾನು ಆ ತರುಣನನ್ನು ಒಂದು ಮಾತು ಕೇಳಿದ್ದೆನು. 'ವೈದ್ಯರು, ಇರಲಿ, ಬರೆದ ಹಾಗೆಯೇ ಕೊಡು ಎಂದಿದ್ದರೆ?' ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವರ ಮಾತನ್ನು ಬರೆವಣಿಗೆಯಲ್ಲಿ ಕೇಳುತ್ತಿದ್ದೆ. ಅದರ ಕೆಳಗೆ ನನ್ನ ಮಾತನ್ನೂ ಬರೆಯುತ್ತಿದ್ದೆ. ಆದರೂ ನನ್ನ ಕೈಯಿಂದ ಕೊಡುತ್ತಿದ್ದೆನೋ ಇಲ್ಲವೋ, ಸತ್ಯವಾಗಿ ಹೇಳಬೇಕೆಂದರೆ ಗೊತ್ತಿಲ್ಲ ಗುರುಗಳೇ' ಎಂದರು.

ಈ 'ಗೊತ್ತಿಲ್ಲ' ಎಂಬುದನ್ನು ನಾನು ಎರಡು ವರುಷ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ದ್ರವ್ಯ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ಗುಣಗಳು. ರೋಗಿಯ ಗುಣಗಳಲ್ಲಿ ಒಂದು, ತನ್ನ ಸ್ಥಿತಿಯನ್ನು ಮರೆಮಾಡದೆ ತಿಳಿಸುವುದು. ನಮ್ಮ ಅಣ್ಣನವರು ಅಲ್ಲಿ ತಪ್ಪಿದರು, ತಪ್ಪೆಂದು ತಿಳಿಯದೆಯೇ. ಆದರೆ ಈ ನಾಲ್ಕರಲ್ಲಿ ಔಷಧ ಎಣಿಸಿಕೊಡುವವನೆಲ್ಲಿ? ಅವನಿಗೆ ಪ್ರತ್ಯೇಕ ಪಾದವಿಲ್ಲ. ಕಾರಣ ಸ್ಪಷ್ಟ. ಆ ಕಾಲದಲ್ಲಿ ವೈದ್ಯನೇ ಬೇರು ತಂದು, ಅರೆದು, ತನ್ನ ಕೈಯಾರೆ ಕೊಡುತ್ತಿದ್ದನು. ನೋಡಿದ ಕಣ್ಣೂ ಕೊಟ್ಟ ಕೈಯೂ ಒಂದೇ ದೇಹದಲ್ಲಿದ್ದುವು. ಈಗ ಕಣ್ಣು ಮೇಲಿನ ಮಹಡಿಯಲ್ಲಿ, ಕೈ ಕೆಳಗಿನ ಕಿಟಕಿಯಲ್ಲಿ. ನಡುವೆ ಒಂದು ಚೀಟಿ.

ಕೈಯೆಂದರೆ ಬರಿಯ ಸಾಧನವೆನ್ನುವವರುಂಟು. ವ್ಯಾಕರಣ ಓದಿದವನಿಗೆ ಇಲ್ಲಿ ಕಾರಕಪ್ರಕರಣ ನೆನಪಾಗದಿರದು. 'ಕೊಡಲಿಯಿಂದ ಮರವನ್ನು ಕಡಿಸುತ್ತಾನೆ', 'ಆಳಿನಿಂದ ಮರವನ್ನು ಕಡಿಸುತ್ತಾನೆ'. ಎರಡು ಕಡೆಯೂ ವಿಭಕ್ತಿ ಒಂದೇ, ತೃತೀಯೆ. ಕನ್ನಡದಲ್ಲಿಯೂ ಹಾಗೆಯೇ, ಸಂಸ್ಕೃತದಲ್ಲಿಯೂ ಹಾಗೆಯೇ. ಕೇಳಿದವನ ಕಿವಿಗೆ ಆಳೂ ಕೊಡಲಿಯೂ ಒಂದೇ ಪಂಕ್ತಿಯಲ್ಲಿ ಕೂತಂತೆ ತೋರುವುದು. ವೈಯಾಕರಣರು ಮೋಸಹೋಗಲಿಲ್ಲ. ಕೊಡಲಿಯನ್ನು ಕರಣವೆಂದರು, ಆಳನ್ನು ಪ್ರಯೋಜ್ಯಕರ್ತೃವೆಂದರು. ಪಾಣಿನಿಯ ಲಕ್ಷಣದಂತೆ ಕರ್ತೃವೆಂದರೆ ಸ್ವತಂತ್ರನಾದವನು. ಇನ್ನೊಬ್ಬನು ಪ್ರೇರಿಸಿದ ಮೇಲೆ ಅವನಿಗೆಲ್ಲಿಯ ಸ್ವಾತಂತ್ರ್ಯ ಎಂದು ಶಂಕೆ ಬರುವುದು ಸಹಜ. ಅದಕ್ಕೆ ಸಮಾಧಾನ: ಪ್ರೇರಿತನಾದವನು ಮಾಡಲೂ ಬಲ್ಲನು, ಬಿಡಲೂ ಬಲ್ಲನು, ಬಿಡಬಲ್ಲವನಾಗಿದ್ದು ಮಾಡಿದುದರಿಂದ ಅವನು ಕರ್ತೃವೇ. ಕೊಡಲಿಗೆ ಮರದ ಮೇಲೆ ಗೂಡಿರುವುದು ಕಾಣುವುದಿಲ್ಲ. ಆಳಿಗೆ ಕಾಣುವುದು. 'ಬರೆದವರು ಅವರೇ, ಕೊಡುವವನು ನಾನು' ಎಂದು ಆ ತರುಣನು ಪಾಣಿನಿಯನ್ನು ಓದದೆಯೇ ಇದನ್ನು ಹೇಳಿದ್ದನು. ಇದನ್ನು ಮೂವತ್ತು ವರುಷ ಪಾಠಹೇಳಿದ ನಾನು ಅಂಗಡಿಯಿಂದ ಮನೆಗೆ ಕೊಡಲಿಯಂತೆ ಹೋಗಿಬಂದೆನು.

ಹಾಗಾದರೆ ಕೊಡುವವನ ಮೇಲೆಯೇ ಎಲ್ಲ ಹೊಣೆಯನ್ನೂ ಹೊರಿಸಬಹುದೆ? ಇಲ್ಲಿ ಬಳ್ಳಾರಿಯ ವೃತ್ತಾಂತ ನನ್ನ ಮುಂದೆ ಬಂದು ನಿಲ್ಲುತ್ತದೆ. ೨೦೨೪ರ ನವೆಂಬರಿನಲ್ಲಿ ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಕೆಲವರು ಬಾಣಂತಿಯರಿಗೆ ಮೂತ್ರಪಿಂಡವೇ ಮೊದಲಾದ ಅಂಗಗಳು ಕೆಟ್ಟು, ಡಿಸೆಂಬರಿನ ಮೊದಲ ವಾರದೊಳಗೆ ಐವರು ತೀರಿಕೊಂಡರು. ನಮ್ಮ ಐದು ತಾಲ್ಲೂಕುಗಳಿಂದ ಕಷ್ಟಕಾಲಕ್ಕೆ ಜನ ಹೋಗುವ ಊರು ಅದು. ಸಂದೇಹವು ಅವರ ನಾಳಕ್ಕೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಎಂಬ ದ್ರವದ ಮೇಲೆ ಬಿದ್ದಿತು. ಸರಕಾರವು ಅದರ ಬಳಕೆಯನ್ನು ನಿಲ್ಲಿಸಿ, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಅದಕ್ಕೆ ಮೊದಲೇ ಆ ತಯಾರಕರ ದ್ರವದ ಕೆಲವು ತಂಡಗಳನ್ನು ರಾಜ್ಯದ ಪ್ರಯೋಗಶಾಲೆ ಗುಣಹೀನವೆಂದಿತ್ತು. ಕೇಂದ್ರದ ಪ್ರಯೋಗಶಾಲೆ ಅವುಗಳಲ್ಲಿ ಕೆಲವನ್ನು ಯೋಗ್ಯವೆಂದಿತ್ತು. ಹೀಗಿರುವಾಗ ಕೋಣೆಯಲ್ಲಿ ಬಾಟಲಿಯನ್ನು ತೂಗಹಾಕಿದ ಶುಶ್ರೂಷಕಿಗೆ, ಉಗ್ರಾಣದಿಂದ ಎಣಿಸಿಕೊಟ್ಟವನಿಗೆ, ಯಾವ ಕಣ್ಣಿನಿಂದ ಅದು ಕಾಣಬೇಕಾಗಿತ್ತು? ೧೯೮೬ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಕಲಬೆರಕೆಯ ಗ್ಲಿಸರಿನ್ ಕುಡಿದು ಮೂತ್ರಪಿಂಡ ಕೆಟ್ಟು ೧೪ ಮಂದಿ ಸತ್ತಾಗಲೂ, ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಕಡೆ ಕೆಮ್ಮಿನ ಸಿರಪ್ಪು ಕುಡಿದು ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಸತ್ತಾಗಲೂ, ಚಮಚ ಹಿಡಿದ ಕೈ ತಾಯಿಯದೇ ಆಗಿದ್ದಿರಬಹುದು. ತಿಳಿಯಲು ಸಾಧ್ಯವೇ ಇಲ್ಲದುದನ್ನು ತಿಳಿಯಲಿಲ್ಲವೆಂಬುದು ದೋಷವಲ್ಲ. ಧರ್ಮಶಾಸ್ತ್ರದಲ್ಲಿಯೂ ಬೇಕೆಂದು ಮಾಡಿದುದಕ್ಕೂ ತಿಳಿಯದೆ ಆದುದಕ್ಕೂ ಪ್ರಾಯಶ್ಚಿತ್ತ ಬೇರೆ ಬೇರೆ. ಔಷಧದಲ್ಲಿ ಕೀಳು ವಸ್ತುವನ್ನು ಬೆರೆಸಿ ಮಾರುವವನಿಗೆ ಯಾಜ್ಞವಲ್ಕ್ಯಸ್ಮೃತಿ ೧೬ ಪಣ ದಂಡ ಹಾಕಿದೆ. ಎಣ್ಣೆ, ಉಪ್ಪು, ಧಾನ್ಯ, ಬೆಲ್ಲಗಳಲ್ಲಿ ಬೆರೆಸುವವನಿಗೂ ಅದೇ ದಂಡ. ಬೆಲ್ಲವನ್ನೂ ಮದ್ದನ್ನೂ ಒಂದೇ ಸಾಲಿನಲ್ಲಿ ಇಟ್ಟುದು ನನಗೆ ಹಿಡಿಸಲಿಲ್ಲವೆಂದು ಋಷಿಗಳ ಕ್ಷಮೆ ಬೇಡಿ ಹೇಳುತ್ತೇನೆ.

ಆದುದರಿಂದ ಕೊಡುವವನ ಹೊಣೆಯನ್ನು ಅಳೆಯಬೇಕಾದುದು ಅವನಿಗೆ ಗೊತ್ತಿದ್ದುದರಿಂದಲ್ಲ, ಆದ ಫಲದಿಂದಲೂ ಅಲ್ಲ. ಅವನು ಕೇಳಬಹುದಾಗಿದ್ದು ಕೇಳದೆ ಬಿಟ್ಟುದರಿಂದ. ಬಾಟಲಿಯ ಒಳಗಿನ ವಿಷವನ್ನು ಕೇಳಿ ತಿಳಿಯಲಾಗದು. 'ಚೀಲದಲ್ಲಿ ಇನ್ನೇನಿದೆ?' ಎಂದು ಕೇಳಬಹುದು. ಚೀಟಿಯ ತಾರೀಖನ್ನು ಓದಬಹುದು. ೨೦೧೫ರ ಫಾರ್ಮಸಿ ವೃತ್ತಿಯ ನಿಯಮಗಳಲ್ಲಿ ಚೀಟಿಯನ್ನು ಪರಿಶೀಲಿಸುವುದೂ ರೋಗಿಗೆ ತಿಳಿಯಹೇಳುವುದೂ ಫಾರ್ಮಸಿಸ್ಟಿನ ಕರ್ತವ್ಯವೆಂದೇ ಹೇಳಿದೆ; ಎಣಿಸುವುದಷ್ಟೇ ಅವನ ಕೆಲಸವೆಂದು ಕಾನೂನೂ ಎಣಿಸಿಲ್ಲ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಸರಕಾರಿ ಆಸ್ಪತ್ರೆಯ ಕಿಟಕಿಯ ಮುಂದೆ ಮಧ್ಯಾಹ್ನದೊಳಗೆ ಇನ್ನೂರು ಮುನ್ನೂರು ಜನ ನಿಂತಿರುವುದನ್ನು ನಾನು ಕಂಡಿದ್ದೇನೆ. ಒಳಗೆ ಒಬ್ಬನೇ. ಅವನು ಪ್ರತಿಯೊಬ್ಬನ ಚೀಲವನ್ನು ಸುರುವಿಸುತ್ತ ಕೂತರೆ ಸಾಲಿನ ಕೊನೆಯ ಮುದುಕಿ ಬಿಸಿಲಿಗೆ ಬಿದ್ದಾಳು. ಕೇಳುವುದಕ್ಕೆ ಹೊತ್ತನ್ನು ಕೊಡದೆ, ಕೇಳಲಿಲ್ಲವೆಂದು ದೂರುವುದು ಸುಲಭ. ಆ ಒಬ್ಬನ ಜೊತೆಗೆ ಇನ್ನೊಬ್ಬನನ್ನು ನೇಮಿಸದವರೂ ಪ್ರಯೋಜಕಕರ್ತೃಗಳ ಪಟ್ಟಿಯಲ್ಲಿ ಇದ್ದಾರೆ.

ದ್ಯೂತಸಭೆಯಲ್ಲಿ ದ್ರೌಪದಿ ಪ್ರಶ್ನೆ ಕೇಳಿದಾಗ ತಿಳಿದವರೆಲ್ಲ ಧರ್ಮ ಸೂಕ್ಷ್ಮವೆಂದು ತಲೆತಗ್ಗಿಸಿದರು. ಮಾತನಾಡಿದವನು ಎಳೆಯವನಾದ ವಿಕರ್ಣ, ಬಾಲಕನೆಂದು ಗದರಿಸಿಕೊಂಡನು. ಅವನ ಮಾತಿನಿಂದ ಅಲ್ಲಿ ಏನೂ ನಿಲ್ಲಲಿಲ್ಲ. ಹೀಗಿರುವುದರಿಂದ ಆ ತರುಣನ 'ಗೊತ್ತಿಲ್ಲ' ಎಂಬುದನ್ನು ನಾನು ಹೇಡಿತನವೆಂದು ತಿಳಿಯಲಾರೆ. ಬರೆದವರಿಗೆ ತನಗಿಂತ ಹೆಚ್ಚು ತಿಳಿದಿರಬಹುದೆಂಬ ವಿನಯವೂ, ತನಗೆ ಕಂಡುದು ಸುಳ್ಳಲ್ಲವೆಂಬ ಧೈರ್ಯವೂ ಒಂದೇ ಮನುಷ್ಯನಲ್ಲಿ ಕೂಡಿದ್ದಾಗ ಅಂಥ ಉತ್ತರವೇ ಬರುವುದು.

ಅಣ್ಣನವರಿಗೆ ನಾನು ನನ್ನ ಪಾಲನ್ನು ಹೇಳಿಬಿಡಬೇಕೆಂದು ಬಹಳ ದಿನ ಕಾದೆನು. ಒಂದು ದಿನ ಯಂತ್ರದ ಪಕ್ಕದಲ್ಲಿ ಕೂತಿದ್ದಾಗ ಹೇಳಿದೆನು: 'ಅಣ್ಣಾ, ಆ ಗುಳಿಗೆ ತಂದುಕೊಟ್ಟವನು ನಾನು. ನಾಲ್ಕು ವರುಷ.' ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು. 'ನೀನು ತಂದೆ, ನಾನು ನುಂಗಿದೆ. ಆ ನಾಲ್ಕು ವರುಷ ಹೊಲ ಬೀಳು ಬೀಳಲಿಲ್ಲ. ಹುಡುಗಿಯ ಮದುವೆ ಆ ಶೇಂಗಾದಿಂದಲೇ ಆಯಿತು. ಗುಳಿಗೆಯನ್ನು ಬಯ್ಯಬೇಡ.' ಮತ್ತೆ ಸುಮ್ಮನಾಗಿ, 'ಬೆಲೆ ಯಾರೂ ಹೇಳಲಿಲ್ಲ ನೋಡು. ಮೊದಲೇ ಹೇಳಿದ್ದರೆ ಚೌಕಾಸಿಯಾದರೂ ಮಾಡುತ್ತಿದ್ದೆ' ಎಂದರು.

ಈ ಮಾತನ್ನು ಕೇಳುವ ತನಕ ನಾನು ದೋಷವೆಲ್ಲ ಕೊಟ್ಟುದರಲ್ಲಿದೆ ಎಂದುಕೊಂಡಿದ್ದೆನು. ಅವರು ನುಂಗಿದುದಕ್ಕೆ ಪಶ್ಚಾತ್ತಾಪಪಡಲಿಲ್ಲ. ಬೆಲೆ ತಿಳಿದಿದ್ದರೂ ಒಂದೆರಡು ವರುಷ ನುಂಗುತ್ತಿದ್ದರೋ ಏನೋ. ಅದು ಅವರ ಕಾಲು, ಅವರ ಹೊಲ, ಅವರ ಮಗಳ ಮದುವೆ. ಆಯ್ದುಕೊಳ್ಳಬೇಕಾದವರು ಅವರಾಗಿದ್ದರು. ಆ ಆಯ್ಕೆಯನ್ನು ವೈದ್ಯನೂ ಅಂಗಡಿಯವನೂ ನಾನೂ ಸೇರಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಅವರ ಕೈಯಿಂದ ತೆಗೆದುಕೊಂಡುಬಿಟ್ಟಿದ್ದೆವು.

ಕಳೆದ ಸಾರಿ ಕೊಟ್ಟೂರ ತೇರು ಮುಗಿದ ಮುಂದಿನ ವಾರ ಅಣ್ಣನವರು ತೀರಿಕೊಂಡರು. ಚೀಟಿ ನನ್ನ ಪಂಚಾಂಗದ ನಡುವೆ ಇದೆ.

ಈಗ ವಾರಕ್ಕೆರಡು ದಿನ ನಾನು ಡಯಾಲಿಸಿಸ್ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ. ಆ ತರುಣ ಫಾರ್ಮಸಿಸ್ಟರೇ ಒಂದು ಕೆಲಸ ಹೇಳಿಕೊಟ್ಟರು. ವೈದ್ಯರು ಬರೆದುದನ್ನೂ ಕಿಟಕಿಯವರು ಒಪ್ಪಿದುದನ್ನೂ ನೋಡಿ, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದುಕೊಡುವುದು. ನನ್ನಿಂದ ಒಂದು ಅಕ್ಷರವನ್ನೂ ಸೇರಿಸುವಂತಿಲ್ಲ, ಬಿಡುವಂತಿಲ್ಲ. ಸಂದೇಹ ಬಂದರೆ ಕಿಟಕಿಗೆ ಮರಳಿ ಕಳುಹಿಸುವುದು. 'ಬಿಳಿಯದು: ಊಟದ ನಡುವೆ.' 'ಕೆಂಪುದು: ಯಂತ್ರದ ದಿನ ಬೆಳಗ್ಗೆ ಬೇಡ, ಮನೆಗೆ ಬಂದ ಮೇಲೆ.' ರಕ್ತದೊತ್ತಡದ ಈ ಕೊನೆಯ ಸೂಚನೆ ಎಲ್ಲರಿಗೂ ಒಂದೇ ಅಲ್ಲ. ಅದಕ್ಕೇ ಒಬ್ಬರ ಹಾಳೆಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಹರಪನಹಳ್ಳಿಯ ಕಡೆಯಿಂದ ಬರುವ ತಾಯಿಯೊಬ್ಬರಿಗೆ ಓದು ಬಾರದು. ಅವರ ಹಾಳೆಯಲ್ಲಿ ಬೆಳಗ್ಗೆಗೆ ಸೂರ್ಯನನ್ನೂ, ಊಟಕ್ಕೆ ಗಂಗಾಳವನ್ನೂ, ರಾತ್ರಿಗೆ ಚಂದ್ರನನ್ನೂ ಬರೆದೆನು. ಚಂದ್ರ ಸರಿಯಾಗಿ ಬರಲಿಲ್ಲ. 'ಇದು ಕುಡುಗೋಲೇನ್ರೀ ಗುರುಗಳೇ?' ಎಂದು ಕೇಳಿ, ಬಿಟ್ಟುಬಿಡದೆ ನನ್ನಿಂದಲೇ ಮತ್ತೊಮ್ಮೆ ಬರೆಸಿಕೊಂಡು ಹೋದರು.